ಹಗೇವಿನ ಬಾಯಿಗೆ ಅಡ್ಡ ನಿಂತವನು

1943ರಲ್ಲಿ ನಾನು ಕೊಪ್ಪಳದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಎರಡನೆಯ ವರ್ಷ. ಪಾಠ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ, ವಾರದ ರಜೆ ಶುಕ್ರವಾರ. ನಿಜಾಮರ ಸೀಮೆಯ ಶಾಲೆಗಳು ಹಾಗೆಯೇ ಇದ್ದವು. ಪಾಠದ ಜೊತೆಗೆ ಹೆಡ್‌ಮಾಸ್ತರರು ‘ನೆರವಿನ ಕೂಟ’ವನ್ನೂ ನನ್ನ ಹೆಗಲಿಗೆ ಹಾಕಿದ್ದರು. ಇಪ್ಪತ್ತು ಹುಡುಗರ ಕೂಟ ಅದು. ಹುಲಿಗಿಯ ಗುಡಿಗೆ ಹೋಗುವ ಯಾತ್ರಿಕರಿಗೆ ಸ್ಟೇಶನ್ನಿನಲ್ಲಿ ನೀರು ಕೊಡುವುದು, ಕೇರಿಯ ಬಾವಿಯ ಹೂಳು ಎತ್ತುವುದು, ಓದು ಬಾರದವರ ಅರ್ಜಿ ಬರೆಯುವುದು, ಇಂಥ ಕೆಲಸಗಳು. ಪ್ರತಿ ಸಲ ಕೆಲಸ ಶುರುವಾಗುವ ಮುನ್ನ ಹುಡುಗರು ಸಾಲಾಗಿ ನಿಂತು ಒಂದು ಪ್ರತಿಜ್ಞೆ ಹೇಳುತ್ತಿದ್ದರು: “ಜೊತೆಗಾರ ಬಿದ್ದರೆ ಬಿಟ್ಟು ಬರುವುದಿಲ್ಲ.” ಅದನ್ನು ಬರೆದವನು ನಾನು. ಕೇಳಲು ಚೆನ್ನಾಗಿತ್ತು.

ಈಗ ನನಗೆ ವಯಸ್ಸಾಗಿದೆ. ಆದರೂ ನೆಲದಲ್ಲಿ ದುಂಡನೆಯ ಬಾಯಿ ಯಾವುದು ಕಂಡರೂ, ಅದು ನಲ್ಲಿಯ ಗುಂಡಿಯೇ ಆಗಿರಲಿ, ಸುತ್ತ ನಿಂತ ಮಕ್ಕಳನ್ನು ಎಣಿಸತೊಡಗುತ್ತೇನೆ. ಎಣಿಕೆ ಮುಗಿಯುವ ತನಕ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಅದು ಯುದ್ಧದ ವರ್ಷ. ಪೇಟೆಯಲ್ಲಿ ಜೋಳ ಸಿಗುತ್ತಿರಲಿಲ್ಲ. ಊರಿನ ಹಿರಿಯರು ಸೇರಿ ಕೂಲಿಕಾರರ ಮಕ್ಕಳಿಗಾಗಿ ಒಂದು ಅಂಬಲಿ ಮನೆ ತೆರೆದಿದ್ದರು. ಇರಕಲ್ಲಗಡದ ಒಬ್ಬ ಗೌಡ್ತಿ, ಗಂಡ ತೀರಿಕೊಂಡ ಮೇಲೆ ಒಕ್ಕಲುತನವನ್ನು ತಾನೇ ನಡೆಸುತ್ತಿದ್ದವರು, ತಮ್ಮ ಒಂದು ಹಗೇವಿನ ಜೋಳವನ್ನು ಪೂರ್ತಿಯಾಗಿ ಕೊಡುವುದಾಗಿ ಹೇಳಿ ಕಳಿಸಿದರು. ತೆಗೆದು ಒಯ್ಯಲು ಆಳಿಲ್ಲ, ನೀವೇ ಬರ್ರಿ ಎಂದರು.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು. ಕೆಳಗೆ ಹೋದಂತೆ ಗಡಿಗೆಯ ಹಾಗೆ ಅಗಲ. ಒಳಗೆ ಜೋಳದ ದಂಟು, ಹೊಟ್ಟು ಹಾಸಿ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಮರುದಿನ ಕಂದೀಲು ಇಳಿಬಿಟ್ಟು ನೋಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು.

ಗುಂಪುಗೂಡಿ ಎಲ್ಲಿಗೆ ಹೋಗಬೇಕಾದರೂ ಆಗ ಸರಕಾರದ ಪರವಾನಗಿ ಬೇಕು. ನಮಗೆ ಸಿಕ್ಕಿದ್ದು ಒಂದೇ ಶುಕ್ರವಾರದ್ದು, ಅದೂ ಸೂರ್ಯ ಮುಳುಗುವ ತನಕ. ನಮ್ಮ ಮೇಲೆ ಕಣ್ಣಿಡಲು ಒಬ್ಬ ಪೊಲೀಸ್ ಜಮಾದಾರನನ್ನೂ ಜೊತೆಗೆ ಕೊಟ್ಟರು. ಒಳ್ಳೆಯ ಮನುಷ್ಯ, ಆದರೆ ನೌಕರಿಯ ಭಯ. ಗಾಡಿಯಿಂದ ಇಳಿದ ಗಳಿಗೆಯಿಂದಲೇ ಶುರು ಮಾಡಿದ.

“ಜಲ್ದಿ ಮಾಡ್ರಿ ಮಾಸ್ತರ್ರ. ಹೊತ್ತು ಮುಳುಗಿತಂದ್ರ ಇಜಾಜತ್ ಖತಂ. ಆಮ್ಯಾಲೆ ನಿಮಗೂ ತಕಲೀಫು, ನನಗೂ ತಕಲೀಫು.”

ಕೂಟದ ಲೀಡರ್ ರುದ್ರಪ್ಪ, ಮೆಟ್ರಿಕ್ ತರಗತಿಯವನು. ಕೊಪ್ಪಳದ ಒಬ್ಬ ಅರಿವೆ ವ್ಯಾಪಾರಿಯ ಹಿರಿಯ ಮಗ. ಮಾತು ಕಡಿಮೆ. ಹುಡುಗರು ಅವನನ್ನು ಆರಿಸಿದ್ದು ಪ್ರೀತಿಯಿಂದಲ್ಲ. ಅವನು ಹಂಚಿದ ಕೆಲಸದಲ್ಲಿ ಯಾರಿಗೂ ಜಗಳ ತೆಗೆಯಲು ಆಗುತ್ತಿರಲಿಲ್ಲ, ಅದಕ್ಕೆ. ಪ್ರೀತಿಯೆಲ್ಲ ಅವನ ತಮ್ಮ ಈರಣ್ಣನಿಗೆ. ಒಂಬತ್ತನೆಯ ತರಗತಿಯ ಈರಣ್ಣ ಹೆಡ್‌ಮಾಸ್ತರರ ಕೆಮ್ಮಿನಿಂದ ಹಿಡಿದು ಸ್ಟೇಶನ್ನಿನ ಗಾರ್ಡಿನ ಕೂಗಿನ ತನಕ ಯಾರನ್ನು ಬೇಕಾದರೂ ಅಣಕಿಸುತ್ತಿದ್ದ.

ಹಗೇವಿನ ಬಾಯಿಯನ್ನು ಗೌಡ್ತಿ ಹಿಂದಿನ ದಿನವೇ ತೆರೆಸಿದ್ದರು. ಬೆಳಿಗ್ಗೆ ರುದ್ರಪ್ಪನೇ ಕಂದೀಲು ಇಳಿಬಿಟ್ಟ. ಕಾಳಿನ ಮೇಲೆ ನಿಂತ ಕಂದೀಲು ಚೆನ್ನಾಗಿ ಉರಿಯಿತು. ನಾನೂ ಬಗ್ಗಿ ನೋಡಿದೆ. ಕೆಲಸ ಶುರುವಾಯಿತು. ಒಳಗೆ ಒಬ್ಬ ಬುಟ್ಟಿ ತುಂಬುವುದು, ಮೇಲಿದ್ದವರು ಹಗ್ಗದಿಂದ ಎಳೆಯುವುದು, ಉಳಿದವರು ಚೀಲಕ್ಕೆ ಸುರಿದು ಗಾಡಿಗೆ ಹೇರುವುದು. ಹುಡುಗರು ತಾವೇ ಎರಡು ತಂಡವಾಗಿ ಪಂದ್ಯ ಕಟ್ಟಿದರು. ಕೂಗು, ನಗು, ಧೂಳು. ಜಮಾದಾರನಿಗೂ ಹುರುಪು ಬಂದು, “ಶಾಬಾಸ್, ಶಾಬಾಸ್!” ಎನ್ನುತ್ತ ಚೀಲದ ಬಾಯಿ ಹಿಡಿಯತೊಡಗಿದ.

ಅಲ್ಲಿದ್ದ ಯಾರೂ ಯೋಚಿಸದ ಒಂದು ಸಂಗತಿ ಇತ್ತು. ಆ ಸೀಮೆಯಲ್ಲಿ ಒಂದು ಹಗೇವನ್ನು ಒಂದೇ ದಿನದಲ್ಲಿ ಯಾರೂ ಖಾಲಿ ಮಾಡುವುದಿಲ್ಲ. ಬೇಕಾದಷ್ಟು ತೆಗೆದು, ಬಾಯಿ ತೆರೆದಿಟ್ಟು, ಗಾಳಿಯಾಡಿದ ಮೇಲೆ ಮತ್ತೆ ಇಳಿಯುತ್ತಾರೆ. ಗೌಡ್ತಿಯ ಮನೆಯಲ್ಲೂ ಹಾಗೆಯೇ ನಡೆದುಬಂದಿತ್ತು; ತಳದ ತನಕ ಒಂದೇ ಓಟದಲ್ಲಿ ಹೋದರೆ ಏನಾಗುತ್ತದೆ ಎಂದು ಅವರೂ ಕಂಡಿರಲಿಲ್ಲ. ಮುಚ್ಚಿಟ್ಟ ಕಾಳು ಉಸಿರಾಡುತ್ತದೆ. ಕಾಳು ಕಾಳಿನ ನಡುವೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಬೆಳಗಿನ ಕಂದೀಲು ಹೇಳಿದ್ದು ಮೇಲಿನ ಪದರದ ಮಾತು. ಹುಡುಗರು ಕಾಳು ಕೆದರುತ್ತ ಇಳಿದಷ್ಟೂ ಕೆಳಗಿನ ಗಾಳಿ ಅವರ ಮೊಣಕಾಲು, ಸೊಂಟ, ಎದೆಯವರೆಗೆ ಏರುತ್ತಿತ್ತು. ಎರಡನೆಯ ಸಲ ದೀಪ ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಈರಣ್ಣನ ಸರದಿ. ಒಳಗಿನಿಂದ ಹೆಡ್‌ಮಾಸ್ತರರ ದನಿಯಲ್ಲಿ ಕೂಗುತ್ತಿದ್ದ: “ಯಾರಲೇ ಅದು ಮ್ಯಾಲ ಹರಟಿ ಹೊಡಿಯವ? ಬೆಂಚ್ ಮ್ಯಾಲ ನಿಂದ್ರ!” ಮೇಲೆ ಎಲ್ಲರೂ ನಗುತ್ತಿದ್ದರು. ಆಮೇಲೆ ದನಿ ನಿಂತಿತು. ಹಗ್ಗ ಜಗ್ಗಿದರು; ಬುಟ್ಟಿ ಖಾಲಿ ಬಂತು.

“ಏ ನಾಟಕದ ಮಗನ, ಏಳಲೇ,” ಎಂದ ಕಾಸೀಂ. ಈರಣ್ಣನ ಬೆಂಚಿನವನು, ಜೀವದ ಗೆಳೆಯ. “ಸತ್ತಂಗ ಬಿದ್ದಾನ ನೋಡ್ರೋ. ಪಗಾರ ಕೊಟ್ರ ಏಳ್ತಾನ.”

ಮತ್ತೆ ನಗು. ಆ ನಗುವಿನಲ್ಲಿ ಎಷ್ಟು ಹೊತ್ತು ಹೋಯಿತು? ಎಷ್ಟೋ ಸಲ ಅಳೆದಿದ್ದೇನೆ. ಒಮ್ಮೆ ಎರಡು ಉಸಿರಿನಷ್ಟು ಎನಿಸುತ್ತದೆ, ಒಮ್ಮೆ ಅರ್ಧ ಗಂಟೆಯಷ್ಟು. ಕಾಸೀಂ ಬಗ್ಗಿ ನೋಡಿದ. ಅವನ ಮುಖ ಬದಲಾಯಿತು. “ಈರ್ಯಾ!” ಎಂದು ಕೂಗಿ, ಹಗ್ಗವನ್ನೂ ಹಿಡಿಯದೆ ಒಳಗೆ ಜಾರಿದ. ಈರಣ್ಣನ ರಟ್ಟೆ ಹಿಡಿದು ಎತ್ತಲು ಹೋದವನು ಹಾಗೆಯೇ ಅವನ ಮೇಲೆ ಬೋರಲು ಬಿದ್ದ.

ಆಗ ಎಲ್ಲರೂ ನುಗ್ಗಿದರು. ನಾನು ಕಲಿಸಿದ ಪ್ರತಿಜ್ಞೆ ಅವರ ಕಾಲಿಗೆ ಇಳಿದಿತ್ತು. ಜೊತೆಗಾರ ಬಿದ್ದಿದ್ದಾನೆ, ಬಿಟ್ಟು ಬರಬಾರದು. ತಡೆಯುವವರಿಲ್ಲದಿದ್ದರೆ ಒಬ್ಬನ ಹಿಂದೆ ಒಬ್ಬ ಆ ಬಾಯಿಗೆ ಇಳಿದುಬಿಡುತ್ತಿದ್ದರು, ಒಬ್ಬೊಬ್ಬನೂ ಅಲ್ಲಿಯೇ ಉಳಿಯುತ್ತಿದ್ದ.

ರುದ್ರಪ್ಪ ಗಾಡಿಯ ಬಳಿಯಿಂದ ಓಡಿ ಬಂದವನೇ ಹಗೇವಿನ ಬಾಯಿಗೆ ಅಡ್ಡ ನಿಂತ. ಎರಡೂ ಕೈ ಚಾಚಿದ್ದ.

“ಒಬ್ರೂ ಇಳಿಯೂದಿಲ್ಲ.”

“ನಿನ್ನ ತಮ್ಮ ಅದಾನಲೇ ಒಳಗ!”

“ನನಗ ಗೊತ್ತೈತಿ. ಹಿಂದ ಸರಿ.”

“ಹೇಡಿ ಅದೀ ನೀ! ಬಿಡಲೇ!” ಯಾರೋ ಅವನ ಎದೆಗೆ ಗುದ್ದಿದರು. ಅವನು ಅಲುಗಲಿಲ್ಲ. ನಾನು ನನ್ನ ಕೋಟು ಕಿತ್ತೆಸೆದು ಪಕ್ಕದಿಂದ ನುಸುಳಿ ಬಾಯಿಯ ಅಂಚಿಗೆ ಕಾಲು ಇಳಿಬಿಟ್ಟಿದ್ದೆ. ಅವನು ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದ. ನಾನು ನೆಲಕ್ಕೆ ಬಿದ್ದೆ.

“ಮಾಸ್ತರ್ರ, ನೀವೂ ಇಳಿದ್ರ ಇವರ್ನ ಯಾರ ಹಿಡೀತಾರ್ರಿ?”

ಬಿದ್ದಲ್ಲಿಂದಲೇ ನನಗೆ ಮಾತು ಬಂತು. “ಅದು ಗ್ಯಾಸು. ಕಂದೀಲು ಇಳಸು,” ಎಂದೆ. ಇಳಿಸಿದರು. ಹಗೇವಿನ ಕುತ್ತಿಗೆ ದಾಟಿದ್ದೇ ದೀಪ ಯಾರೋ ಬೆರಳಿನಿಂದ ಚಿವುಟಿದಂತೆ ಆರಿತು. ಆಗ ಹುಡುಗರು ಹಿಂದೆ ಸರಿದರು. ಒಬ್ಬ ಅಳತೊಡಗಿದ.

ಮುಂದಿನದೆಲ್ಲ ರುದ್ರಪ್ಪ ಹೇಳಿದಂತೆ ನಡೆಯಿತು. ಬೇವಿನ ಟೊಂಗೆ ಮುರಿದು ಹೊರೆ ಕಟ್ಟಿ, ಹಗ್ಗದಲ್ಲಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಕದಡಿದರು. ಗೌಡ್ತಿ ಮನೆಯಿಂದ ಕಂಬಳಿ ತಂದು ತಾವೇ ಬೀಸತೊಡಗಿದರು. ಬಾಯಿಯ ಅಂಚಿಗೆ ಉಜ್ಜುವ ಹಗ್ಗಕ್ಕೆ ಸುತ್ತಲು ಜಮಾದಾರ ತನ್ನ ರುಮಾಲು ಬಿಚ್ಚಿ ಕೊಟ್ಟ. ಬರಿದಲೆಯಲ್ಲಿ ಅವನನ್ನು ನೋಡಿದ್ದು ಅದೊಂದೇ ಸಲ.

“ಹನುಮ್ಯಾ, ಬಾ ಇಲ್ಲಿ.”

ಹನುಮಂತ ಹುಲಿಗಿಯವನು, ಕೂಟದಲ್ಲೇ ಎಲ್ಲರಿಗಿಂತ ಹಗುರ. ಭಕ್ತರು ಹೊಳೆಗೆ ಎಸೆದ ಕಾಸನ್ನು ಮುಳುಗಿ ತೆಗೆಯುತ್ತ ಬೆಳೆದವನು.

“ಉಸುರು ಎಷ್ಟೊತ್ತು ಹಿಡೀತಿ?”

“ಮೂವತ್ತು ಎಣಸೂತನಕ. ಭಾಳಂದ್ರ ನಲವತ್ತು.”

“ಇಪ್ಪತ್ತಕ್ಕ ಎಳೀತೀನಿ. ಕೈಗೆ ಸಿಗಲಿ, ಬಿಡಲಿ. ಕಾಸೀಂ ಮ್ಯಾಲ ಅದಾನ, ಮೊದಲ ಅವನ್ನ ಕಟ್ಟು.”

“ಮತ್ತ ಈರಣ್ಣ?”

“ಕೈಗೆ ಸಿಕ್ಕವನ್ನ ಕಟ್ಟು ಅಂದ್ನಲ್ಲ.”

ಎದೆಗೆ ಒಂದು ಹಗ್ಗ, ಕೈಯಲ್ಲಿ ಉರುಳು ಹಾಕಿದ ಇನ್ನೊಂದು. ಹನುಮಂತ ಇಳಿದ. ರುದ್ರಪ್ಪ ಗಟ್ಟಿಯಾಗಿ ಎಣಿಸಿದ. ಹದಿನೆಂಟರ ಹೊತ್ತಿಗೆ ಉರುಳು ಕಾಸೀಂನ ಒಂದು ತೋಳಿಗೆ ಸಿಕ್ಕಿತ್ತು, ಇನ್ನೊಂದು ತೋಳು ಕೆಳಗೆ ಸಿಲುಕಿತ್ತು. “ಇನ್ನ ಒಂದ ಚೂರು, ತಡಿ!” ಎಂದು ಸುತ್ತಲಿನವರು ಒದರಿದರು. ಇಪ್ಪತ್ತಕ್ಕೆ ರುದ್ರಪ್ಪ ಎಳೆದೇಬಿಟ್ಟ. ಬರಿಗೈಯಲ್ಲಿ ಮೇಲೆ ಬಂದ ಹನುಮಂತ ನೆಲದ ಮೇಲೆ ಬಿದ್ದು ಬಾಯಿ ತೆರೆದು ಗಾಳಿ ಎಳೆದುಕೊಂಡ. ಮತ್ತೆ ಇಳಿದ. ಎರಡನೆಯ ಸಲ ಕಾಸೀಂ ಬಂದ. ಅವನನ್ನು ಬೋರಲು ಮಲಗಿಸಿ, ಪಕ್ಕೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಉಸಿರಾಡಿಸತೊಡಗಿದೆ. ಕಾಲೇಜಿನಲ್ಲಿ ಕಲಿತದ್ದು, ಎಂದೂ ಮಾಡಿರಲಿಲ್ಲ. ಅವನು ಕೆಮ್ಮಿದಾಗ ಪಕ್ಕಕ್ಕೆ ಹೊರಳಿಸಿದೆ.

ಇನ್ನು ಈರಣ್ಣ. ಹನುಮಂತನ ತುಟಿಗಳು ನೀಲಿಗಟ್ಟಿದ್ದವು. ಆದರೂ ಎದ್ದು ನಿಂತು, “ಬಿಡು, ಹೋಗ್ತೀನಿ,” ಎಂದ. ರುದ್ರಪ್ಪ ಅವನ ಭುಜ ಹಿಡಿದು ಕೂಡಿಸಿದ.

“ಕುಂಡ್ರು. ಉಸುರು ತಗೋ.”

“ಹೊತ್ತಾಕ್ಕೈತೋ ರುದ್ರಣ್ಣಾ!”

“ಉಸುರು ತಗೋ ಅಂದೆ.”

ಗೌಡ್ತಿ ಕಂಬಳಿ ಬೀಸುತ್ತಲೇ ಇದ್ದರು. ಹನುಮಂತನನ್ನು ಆಗಲೇ ಇಳಿಸಿದ್ದರೆ? ಅವನೂ ಒಳಗೇ ಉಳಿಯುತ್ತಿದ್ದನೇ? ಈರಣ್ಣ ಆ ಹೊತ್ತಿಗೆ ಬದುಕಿದ್ದನೇ? ನನಗೆ ಗೊತ್ತಿಲ್ಲ. ಆಮೇಲೆ ನಾನು ಕೇಳಿದ ಡಾಕ್ಟರರಲ್ಲಿ ಒಬ್ಬರು ಇದ್ದಿರಲಾರ ಎಂದರು, ಇನ್ನೊಬ್ಬರು ಹೇಳಲಾಗದು ಎಂದರು. ನಾನು ರುದ್ರಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನು ಹನುಮಂತನ ತುಟಿಗಳನ್ನು ನೋಡುತ್ತಿದ್ದ. ಅವುಗಳಿಗೆ ಬಣ್ಣ ಬಂದ ಮೇಲೆ, “ಹೂಂ, ಇಳಿ,” ಎಂದ.

ಈರಣ್ಣ ಮೇಲೆ ಬಂದ. ಬಹಳ ಹೊತ್ತು ಒತ್ತಿದೆ. ಹುಡುಗರು ಒಬ್ಬೊಬ್ಬರಾಗಿ ಬಂದು ನನ್ನ ಜೊತೆ ಒತ್ತಿದರು. ಕೊನೆಗೆ ಗೌಡ್ತಿ ನನ್ನ ಕೈ ಹಿಡಿದು, “ಸಾಕ ಬಿಡ್ರಿ ಮಾಸ್ತರ್ರ, ಕೂಸು ಹೋಗೇತಿ,” ಎಂದರು.

ಜೋಳದ ಚೀಲಗಳನ್ನು ಅಲ್ಲಿಯೇ ಇಳಿಸಿ, ಆ ಗಾಡಿಯಲ್ಲಿ ಅವನನ್ನು ಮಲಗಿಸಿಕೊಂಡು ಕೊಪ್ಪಳಕ್ಕೆ ಹೊರಟೆವು. ಕಾಸೀಂ ತಲೆ ಸುತ್ತು ಬಂದು ಪದೇ ಪದೇ ವಾಂತಿ ಮಾಡಿಕೊಳ್ಳುತ್ತಿದ್ದ, ಆದರೂ ಗೆಳೆಯನ ಕಾಲ ಬಳಿಯಿಂದ ಏಳಲಿಲ್ಲ. ಪರವಾನಗಿಯ ಹೊತ್ತು ದಾರಿಯಲ್ಲೇ ಮುಗಿಯಿತು. ಜಮಾದಾರ ಗಾಡಿಯ ಜೊತೆಗೇ ನಡೆದ.

ಸುದ್ದಿ ಮೊದಲೇ ಮುಟ್ಟಿತ್ತು. ರುದ್ರಪ್ಪನ ಮನೆಯ ಬಾಗಿಲಲ್ಲಿ ಅಣ್ಣತಮ್ಮಂದಿರ ತಾಯಿ ನಿಂತಿದ್ದಳು. ಗಾಡಿಯ ಕಡೆ ಹೋಗಲಿಲ್ಲ. ನೇರ ಹಿರಿಯ ಮಗನ ಹತ್ತಿರ ಬಂದಳು.

“ಎಲ್ಲಾರೂ ಅಂತಾರ, ನೀ ಹಗೇವಿನ ಬಾಯಿಗೆ ಅಡ್ಡ ನಿಂತಿದ್ಯಂತ. ಹೌದೇನು?”

“ಹೌದವ್ವ.”

“ನೀನರ ಯಾಕ ಇಳೀಲಿಲ್ಲೋ?”

“ನಾ ಇಳಿದಿದ್ರ ಇವರೆಲ್ಲಾ ಇಳೀತಿದ್ರವ್ವ.”

ಅವಳು ಅವನ ಹಿಂದೆ ನಿಂತಿದ್ದ ಹುಡುಗರನ್ನು ನೋಡಿದಳು. ಕತ್ತಲಾಗುತ್ತಿತ್ತು, ಒಬ್ಬೊಬ್ಬನ ಮುಖವನ್ನೂ ಹತ್ತಿರ ಹೋಗಿ ನೋಡಿದಳು. ಹನುಮಂತನ ಗದ್ದ ಹಿಡಿದು ಎತ್ತಿದಳು. ಕಾಸೀಂನನ್ನು ಕಂಡಾಗ ಅವಳ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ಅವನ ತಲೆಯ ಮೇಲೆ ಇಳಿಯಿತು. “ಇವರಿಗೆ ನೀರ ಕೊಡ್ರಿ ಯಾರರ,” ಎಂದು ಒಳಗೆ ನೋಡಿ ಹೇಳಿ, ಗಾಡಿಯ ಕಡೆ ನಡೆದಳು. ರುದ್ರಪ್ಪನ ಜೊತೆ ಬಹಳ ದಿನ ಮಾತಾಡಲಿಲ್ಲವಂತೆ. ಒಂದು ದಿನ ಮಾತಾಡಿದಳಂತೆ. ಏನೆಂದು ನಾನು ಕೇಳಿಲ್ಲ.

ವಿಚಾರಣೆ ನಡೆಯಿತು, ಕೂಟ ಮುಚ್ಚಿತು. ನಾನು ಕುಷ್ಟಗಿಗೆ, ಆಮೇಲೆ ಗಂಗಾವತಿಗೆ ಕೆಲಸಕ್ಕೆ ಹೋದೆ. ಎರಡೂ ಕಡೆ ಹುಡುಗರು ಬಂದು ಕೂಟ ಕಟ್ಟೋಣ ಎಂದರು. ಬೇಡವೆನ್ನಲು ಆಗಲಿಲ್ಲ, ಆ ವಯಸ್ಸಿನವರಿಗೆ ನೆರವಾಗುವ ಹಂಬಲ ಹಸಿವಿನ ಹಾಗೆ. ಆದರೆ ಪ್ರತಿಜ್ಞೆ ಬರೆಯುವುದನ್ನು ಬಿಟ್ಟೆ. ಮುನ್ನುಗ್ಗುವುದನ್ನು ಕಲಿಸಬೇಕಾಗಿಯೇ ಇಲ್ಲ ಎಂದು ಆ ಶುಕ್ರವಾರ ನನಗೆ ಕಲಿಸಿತ್ತು. ಕಲಿಸಬೇಕಾದದ್ದು ಬೇರೆ: ಎಲ್ಲರೂ ಬೈಯುತ್ತಿರುವಾಗ, ತನ್ನವನೇ ಒಳಗಿರುವಾಗ, ಉಳಿದವರನ್ನು ತಡೆದು ನಿಲ್ಲುವುದು. ಅದನ್ನು ಕಲಿಸುವ ಪಾಠ ನನಗೆ ಕೊನೆಯ ತನಕ ಸಿಗಲಿಲ್ಲ. ಒಂದು ರೂಢಿ ಮಾತ್ರ ಇಟ್ಟುಕೊಂಡೆ. ಬಾವಿಯಿರಲಿ, ಹೊಳೆಯಿರಲಿ, ಕೆಲಸಕ್ಕೆ ಮುನ್ನ ಒಳಗೆ ಯಾರು ಇಳಿಯುತ್ತೀರಿ ಎಂದು ಕೇಳುತ್ತಿದ್ದೆ; ಅಷ್ಟೂ ಕೈ ಏಳುತ್ತಿದ್ದವು. ಹೊರಗೆ ನಿಂತು ಎಲ್ಲರನ್ನೂ ತಡೆಯುವವರು ಯಾರು ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ನಾನು ಕಾಯುತ್ತಿದ್ದೆ. ಒಂದು ಕೈ ಏಳುವ ತನಕ ಕೆಲಸ ಶುರುವಾಗುತ್ತಿರಲಿಲ್ಲ.