ಮೆಣಸಿನಕಾಯಿ ಸಾಹೇಬರ ಯುದ್ಧ

ಕಪಾಟು ಖಾಲಿ ಮಾಡುವಾಗ ಹಳೆಯ ಡಿವಿಡಿ ಪೆಟ್ಟಿಗೆಯೊಂದು ಸಿಕ್ಕಿತು. ಮುಚ್ಚಳದ ಮೇಲೆ ಹಿಮದಲ್ಲಿ ನಿಂತ ಕುದುರೆ, ಅರಬ್ಬಿ ಅಕ್ಷರ. ತೆರೆದರೆ ಲೋಬಾನದ ಮಾಸಿದ ವಾಸನೆ. ಒಮಾನಿನ ಸಲಾಲಾದ ಮಳೆಗಾಲದಲ್ಲಿ ಮುಗ್ಗಲು ಹೋಗಲೆಂದು ನಮ್ಮ ಮೇಲಿನ ಮನೆಯ ಅಕ್ಕೋರು ಹಾಲ್‌ನಲ್ಲಿ ಹಾಕುತ್ತಿದ್ದ ಹೊಗೆ...

ಅವರು ಧಾರವಾಡದಲ್ಲಿ ಹನ್ನೆರಡು ವರ್ಷ ಕನ್ನಡ ಕಲಿಸಿದ್ದವರು. ಯಜಮಾನರಿಗೆ ಬಂದರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಒಮಾನಿಗೆ ಬಂದು, ಶುಕ್ರವಾರ ಮಧ್ಯಾಹ್ನ ಮನೆಯಲ್ಲೇ ನಮ್ಮ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಟೀಚರನ್ನು ಅಕ್ಕೋರು ಎನ್ನುವುದು ಅವರ ಕಡೆಯ ರೂಢಿ. ಹದಿನಾಲ್ಕಿದ್ದ ಮಕ್ಕಳ ಸಂಖ್ಯೆ ಮೂರಕ್ಕೆ ಇಳಿದಾಗ, ಆ ಹೊತ್ತಿಗೆ ಗಣಿತದ ಟ್ಯೂಷನ್ ಇಡೋಣವೆಂದು ಪೋಷಕರೆಲ್ಲ ತೀರ್ಮಾನಿಸಿದೆವು. ನಾನೂ ಕೈ ಎತ್ತಿದ್ದೆ. ಅಕ್ಕೋರು ವಾದಿಸಲಿಲ್ಲ. ಕೊನೆಯ ಶುಕ್ರವಾರ ಮಕ್ಕಳನ್ನೆಲ್ಲ ಕರೆತನ್ನಿ, ಸಿನಿಮಾ ತೋರಿಸುತ್ತೇನೆ ಎಂದರು.

ರಷ್ಯಾದ ಹಳೆಯ ದೊಡ್ಡ ಕಾದಂಬರಿಯೊಂದನ್ನು ಯುರೋಪಿನವರು ನಾಲ್ಕು ಭಾಗಗಳಲ್ಲಿ ತೆಗೆದ ಚಿತ್ರ ಅದು. ಕಾದಂಬರಿಯನ್ನು ಅಕ್ಕೋರು ಕನ್ನಡದಲ್ಲಿ ಮೂರು ಸಲ ಓದಿದ್ದರಂತೆ. ಡಿಸ್ಕ್ ಹಾಕಿದರೆ ಮಾತು ಇಟಾಲಿಯನ್, ಕೆಳಗೆ ಬರುವ ಸಾಲುಗಳು ಅರಬ್ಬಿ. ಇಂಗ್ಲಿಷ್ ಇರಲೇ ಇಲ್ಲ. ಮಕ್ಕಳು ಏಳತೊಡಗಿದರು.

"ಖಲಾಸ್," ಎಂದು ಯಜಮಾನರು ನಕ್ಕರು. "ನಿನ್ನ ಕ್ಲಾಸೂ ಮುಗೀತು, ರಷ್ಯಾನೂ ಮುಗೀತು."

ಅಕ್ಕೋರು ಟಿವಿಯ ದನಿ ಪೂರ್ತಿ ತಗ್ಗಿಸಿ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಕುಂದರ್ರಿ. ಅವರ ಉದ್ದುದ್ದ ಹೆಸರು ನಮಗ್ಯಾಕ? ಈ ಮೀಸಿಯವರು ಮೆಣಸಿನಕಾಯಿ ಸಾಹೇಬ್ರು. ಆಕಿ ಸಕ್ಕರಿಯವರ ಮಗಳು. ಎರಡೂ ಮನಿಗೆ ಆಗಿಬರಂಗಿಲ್ಲ."

ಮನೆತನಗಳಿಗೆ ಅಂಥ ಅಡ್ಡಹೆಸರುಗಳು ಅವರ ಕಡೆ ನಿಜಕ್ಕೂ ಇವೆ ಎಂಬುದು ಕರಾವಳಿಯವನಾದ ನನಗೆ ಗೊತ್ತಿರಲಿಲ್ಲ. ಮಕ್ಕಳು ನಕ್ಕರು, ಕುಳಿತರು. ಪರದೆಯ ಮೇಲೆ ತುಟಿ ಅಲುಗಿದಾಗಲೆಲ್ಲ ಅಕ್ಕೋರು ಮಾತು ತುಂಬಿದರು. ಸೇನಾಪತಿಗೆ ಒಂದು ದನಿ, ಅತ್ತೆಗೆ ಇನ್ನೊಂದು. ಮದುವೆ ಮಾತುಕತೆ ಮುರಿಯಿತು, ಯುದ್ಧ ಶುರುವಾಯಿತು. ಚಹಾ ತಣ್ಣಗಾದರೂ ಯಾರೂ ಮುಟ್ಟಲಿಲ್ಲ. ಮೆಣಸಿನಕಾಯಿ ಸಾಹೇಬರು ಕುದುರೆಯಿಂದ ಉರುಳಿದ ಕ್ಷಣದಲ್ಲೇ ಅಕ್ಕೋರು ಚಿತ್ರ ನಿಲ್ಲಿಸಿಬಿಟ್ಟರು.

ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಉತ್ತರಿಸದ ನನ್ನ ಮಗಳು ಎದ್ದು ನಿಂತಳು. "ಅಕ್ಕೋರೇ, ಮೆಣಸಿನಕಾಯಿ ಸಾಹೇಬ್ರು ಸತ್ತುಹೋದ್ರಾ?"

"ಮುಂದಿನ ಶುಕ್ರವಾರ ಬಾರವ್ವಾ. ಹೇಳ್ತೀನಿ."

ಮುಂದಿನ ಶುಕ್ರವಾರ ಹತ್ತೊಂಬತ್ತು ಮಕ್ಕಳು ಬಂದರು. ಅಪ್ಪಂದಿರೂ ಗೋಡೆಗೊರಗಿ ನಿಂತೆವು. ಗಣಿತ ಗುರುವಾರಕ್ಕೆ ಹೋಯಿತು. ನಾಲ್ಕು ವಾರಕ್ಕೆ ಚಿತ್ರ ಮುಗಿದರೂ ತರಗತಿ ಮುಗಿಯಲಿಲ್ಲ. ಅವರು ಸಲಾಲಾ ಬಿಡುವವರೆಗೆ, ಇನ್ನೂ ಆರು ವರ್ಷ ನಡೆಯಿತು. ಹೊರಡುವ ದಿನ ಈ ಪೆಟ್ಟಿಗೆಯನ್ನು ಮಗಳ ಕೈಗಿತ್ತರು.

ಇಷ್ಟು ವರ್ಷ ಯಾರೂ ನೋಡದ ಹಾಳೆಯೊಂದು ಡಿಸ್ಕ್‌ಗಳ ಅಡಿಯಲ್ಲಿತ್ತು. ಅಕ್ಕೋರ ದುಂಡು ಅಕ್ಷರ. ಎಡಕ್ಕೆ ರಷ್ಯನ್ ಹೆಸರುಗಳು, ಎದುರಿಗೆ ಮೆಣಸಿನಕಾಯಿ, ಸಕ್ಕರಿ, ಉಳ್ಳಾಗಡ್ಡಿ. ಕೆಳಗೆ ಎರಡು ಸಾಲು: "ಮೊದಲನೇ ದಿನ ಕುದುರಿಯಿಂದ ಬಿದ್ದಕೂಡ್ಲೆ ನಿಲ್ಲಸೂದು. ಇಂಗ್ಲಿಷ್ ಇಲ್ಲ. ಛಲೋ ಆತು."

ಅಂದರೆ ಇಂಗ್ಲಿಷ್ ಇಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು... ಕೇಳಿ ಖಚಿತಪಡಿಸಿಕೊಳ್ಳೋಣವೆಂದರೆ ಅವರಿಲ್ಲ. ಹೋದ ವರ್ಷ ಧಾರವಾಡದಲ್ಲಿ ತೀರಿಕೊಂಡರು. ನಮಗೆ ಸುದ್ದಿ ಮುಟ್ಟಿದ್ದು ತಿಂಗಳ ನಂತರ.

ಹಾಳೆಯ ಫೋಟೊ ತೆಗೆದು ಮಗಳಿಗೆ ಕಳಿಸಿದೆ. ಉತ್ತರ ಬಂತು, ಕನ್ನಡ ಲಿಪಿಯಲ್ಲೇ: "ಅಪ್ಪಾ, ಅಕ್ಕೋರು ಗೆದ್ದೇಬಿಟ್ರು."