ಭಾವನ ಎಡಗಾಲು

ನಮ್ಮ ಅಕ್ಕನ ಗಂಡ ಲಾರಿಯ ಕ್ಲಚ್ಚನ್ನು ಕಣ್ಣಿನಿಂದ ನೋಡುವವರಲ್ಲ, ಕಾಲಿನಿಂದ ನೋಡುವವರು. ಚಪ್ಪಲಿ ಕೆಳಗೆ ಬಿಟ್ಟು, ಡ್ರೈವರ್ ಸೀಟಿಗೆ ಹತ್ತಿ, ಬರಿಗಾಲಲ್ಲಿ ಪೆಡಲ್ ಒತ್ತಿ ಒಂದು ನಿಮಿಷ ಕೂತರೆಂದರೆ, ಒಳಗೆ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಪ್ಲೇಟ್ ಸವೆದಿದೆಯೋ, ಬೇರಿಂಗ್ ಹೋಗಿದೆಯೋ, ಎಣ್ಣೆಯ ಪೈಪಿಗೆ ಗಾಳಿ ಸೇರಿದೆಯೋ, ಎಲ್ಲ ಆ ಎಡಗಾಲಿಗೆ ಗೊತ್ತು. ನಾನು ಅವರ ಕೈಕೆಳಗೆ ಕೆಲಸಕ್ಕೆ ಬಂದ ಮೂವತ್ತು ವರ್ಷದಲ್ಲಿ ಅದು ತಪ್ಪಿದ್ದನ್ನು ಕಂಡಿರಲಿಲ್ಲ. ನಮ್ಮದು ಲಾರಿ ರಿಪೇರಿಯ ತಗಡಿನ ಶೆಡ್ಡು. ಎದುರಿಗೇ ದೊಡ್ಡ ವರ್ಕ್‌ಷಾಪು ಬಂದು ಕೂತಿದೆ. ಆದರೂ ಹಳೇ ಲಾರಿಯವರು ನಮ್ಮಲ್ಲಿಗೇ ಬರುತ್ತಿದ್ದದ್ದು ಆ ಕಾಲಿಗಾಗಿ, ನನ್ನ ಮುಖ ನೋಡಿಯಲ್ಲ. ಆ ಕಾಲು ಹೋದರೆ ಶೆಡ್ಡು ಹೋದ ಹಾಗೆಯೇ.

ಅದಕ್ಕೊಂದು ಕಟ್ಟುಪಾಡೂ ಇತ್ತು. ಭಾವ ಪೆಡಲಿನ ಮೇಲೆ ಕಾಲಿಡುವ ಮೊದಲು ಡ್ರೈವರ್ ಬಾಯಿ ಬಿಡಬಾರದು. ಬಿಟ್ಟರೆ, "ನೀನು ಹೇಳ್ಬೇಡ. ಕಾಯಿಲೆ ಏನು ಅಂತ ನಾನು ಹೇಳ್ತೀನಿ" ಎಂದು ಅಲ್ಲೇ ತಡೆಯುವರು. ನಾನೂ ಪೆಡಲ್ ಮುಟ್ಟುವಂತಿಲ್ಲ. ಇಪ್ಪತ್ತನೇ ವಯಸ್ಸಿಗೆ ಬಂದು ಲಾರಿ ಕೆಳಗೆ ಮಲಗಿದವನು, ಐವತ್ತಾದರೂ ಇನ್ನೂ ಕೆಳಗೇ ಮಲಗಿದ್ದೇನೆ. ಹೊಟ್ಟೆಯುರಿ ಇರಲಿಲ್ಲ ಎಂದರೆ ಸುಳ್ಳಾದೀತು.

ಆವತ್ತು ಬೆಳಗ್ಗೆ ನೀರು ಸಾಗಿಸುವ ಹಳೇ ಲಾರಿಯೊಂದು ತೆವಳಿಕೊಂಡು ಬಂತು. ಕ್ಲಚ್ ಪೂರ್ತಿ ಒತ್ತಿದರೂ ಗೇರು ಬೀಳುವುದಿಲ್ಲ, ಕರ್ರೆನ್ನುತ್ತದೆ. ಬಲವಂತವಾಗಿ ಹಾಕಿದರೆ, ಪೆಡಲ್ ತಳ ಮುಟ್ಟಿದ್ದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಡ್ರೈವರ್ ಇಳಿದು, "ಯಜಮಾನ್ರೇ, ಒಂದೊಂದ್ಸಲ ಏನಾಗುತ್ತೆ ಅಂದ್ರೆ..." ಎಂದು ಶುರು ಮಾಡಿದ. ಭಾವ ಕೈ ಎತ್ತಿದರು. ಅವನು ಬಾಯಿ ಮುಚ್ಚಿಕೊಂಡು ಹಳೇ ಟೈರಿನ ಮೇಲೆ ಹೋಗಿ ಕೂತ.

ಭಾವ ಹತ್ತಿದರು. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಎಂದಿಗಿಂತ ಹೆಚ್ಚು ಹೊತ್ತೇ ಕೂತರು. ಅಷ್ಟರಲ್ಲಿ ನಾನು ಕ್ಲಚ್ ಎಣ್ಣೆಯ ಡಬ್ಬಿ ನೋಡಿದೆ, ತುಂಬಿತ್ತು. ಎಲ್ಲೂ ಸೋರಿದ ಗುರುತಿರಲಿಲ್ಲ. ಕೊನೆಗೆ ಭಾವ, "ಪ್ರೆಷರ್ ಪ್ಲೇಟ್ ಹೋಗಿದೆ. ಗೇರ್‌ಬಾಕ್ಸ್ ಇಳಿಸು" ಎಂದರು.

ಗೇರ್‌ಬಾಕ್ಸ್ ಇಳಿಸದೆ ಕ್ಲಚ್ಚಿನ ಒಳಗೆ ಕೈ ಹೋಗುವುದಿಲ್ಲ, ನಿಜ, ಆದರೆ ಇಳಿಸು ಎನ್ನುವುದು ಸುಲಭ. ಇಳಿಸುವವನ ಸೊಂಟವನ್ನು ಕೇಳಬೇಕು. ತುಕ್ಕು ಹಿಡಿದ ಬೋಲ್ಟುಗಳು, ಕಣ್ಣಿಗೆ ಉದುರುವ ಮಣ್ಣು, ಎದೆಯ ಮೇಲೆ ತೂಗುವ ಆ ಕಬ್ಬಿಣದ ಹೆಣ. ಮಧ್ಯಾಹ್ನದ ಹೊತ್ತಿಗೆ ಇಳಿಸಿದೆವು. ಪ್ರೆಷರ್ ಪ್ಲೇಟ್ ಸರಿಯಾಗಿತ್ತು. ಕ್ಲಚ್ ಪ್ಲೇಟಿನಲ್ಲಿ ಇನ್ನೂ ಒಂದು ವರ್ಷ ಓಡುವಷ್ಟು ದಪ್ಪವಿತ್ತು. ಬೇರಿಂಗ್ ಬೆಣ್ಣೆಯ ಹಾಗೆ ತಿರುಗಿತು. ಭಾವ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಮುಖ ಹುಳ್ಳಗಾಯಿತು.

"ಬೇರಿಂಗ್ ಹೊಸದು ಹಾಕ್ಬಿಡೋಣ. ಅದೇ ಇರ್ಬೇಕು," ಎಂದರು.

ಇರಬೇಕು ಎಂಬ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಸಿಟ್ಟು ಬರಬೇಕಿತ್ತು. ಅದಕ್ಕೂ ತ್ರಾಣ ಉಳಿದಿರಲಿಲ್ಲ.

ಎಲ್ಲ ಮತ್ತೆ ಎತ್ತಿ ಜೋಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಡ್ರೈವರ್ ಗಾಡಿ ಚಾಲೂ ಮಾಡಿ ಗೇರು ಹಾಕಿದ. ಕರ್ರೆಂದಿತು.

ಸಾಕಪ್ಪಾ ಸಾಕು ಎನಿಸಿತು ನನಗೆ. ಕಟ್ಟುಪಾಡನ್ನೆಲ್ಲ ಬದಿಗಿಟ್ಟು, ಡ್ರೈವರನ್ನು ಇಳಿಸಿ ನಾನೇ ಹತ್ತಿದೆ. ಬೂಟುಗಾಲಲ್ಲೇ ಪೆಡಲ್ ಒತ್ತಿದೆ. ಕಲಸಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯಿತು. ಬೇಗಬೇಗ ಇನ್ನೆರಡು ಸಲ ತುಳಿದೆ. ಗಟ್ಟಿಯಾಯಿತು, ಗೇರು ಬಿತ್ತು. ಪೆಡಲಿನ ಹಿಂದೆ ಎಣ್ಣೆಯನ್ನು ತಳ್ಳುವ ಸಿಲಿಂಡರಿನಲ್ಲಿ ರಬ್ಬರ್ ವಾಷರ್ ಸವೆದಿದೆ, ಎಣ್ಣೆ ಹೊರಗೆ ಸೋರದೆ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಅರ್ಧ ಗಂಟೆಯ ಕೆಲಸ. ನನ್ನ ಬೂಟಿಗೇ ತಿಳಿಯುವಂಥ ಕಾಯಿಲೆ.

"ಎರಡು ಸಲ ತುಳಿದ್ರೆ ಬೀಳುತ್ತೆ ಅಂತ ಬೆಳಗ್ಗೇನೇ ಹೇಳೋಕೆ ಬಂದೆ," ಎಂದ ಡ್ರೈವರ್. "ಬಾಯಿ ಬಿಡೋಕೆ ಬಿಟ್ರೆ ತಾನೇ."

ನಾನು ಏನೋ ಒಂದು ಸುಳ್ಳು ಹೊಸೆಯಲು ಹೊರಟೆ. "ಹಾಗಲ್ಲಪ್ಪ, ಬೇರಿಂಗೂ ಸ್ವಲ್ಪ..."

"ಸುಮ್ನಿರೋ ನೀನು," ಎಂದರು ಭಾವ. ಡ್ರೈವರ್ ಕಡೆ ತಿರುಗಿ, "ತಪ್ಪು ನಂದೇ ಕಣಪ್ಪ. ಕಾಲಿಗೆ ಏನೂ ಗೊತ್ತಾಗ್ಲಿಲ್ಲ. ಗೊತ್ತಾಗ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಬಾಯಿಗೆ ಬಂದದ್ದು ಹೇಳ್ಬಿಟ್ಟೆ" ಎಂದರು.

ಡ್ರೈವರ್ ನೆಲ ನೋಡಿದ. ಅವನ ಇಡೀ ದಿನದ ಓಡಾಟ ಹಾಳಾಗಿತ್ತು. ನಾಲ್ಕು ಮಾತು ಬೈದಿದ್ದರೆ ನಮಗೂ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ವಾಷರ್ ಬದಲಾಯಿಸಿ, ಪೈಪಿನ ಗಾಳಿ ತೆಗೆದು ಗಾಡಿ ಕೊಟ್ಟೆವು. ಹೊರಡುವಾಗ ಅವನು ಭಾವನಿಗಲ್ಲ, ನನಗೆ ಹೇಳಿದ, "ಮುಂದಿನ ಸಲ ನೀವೇ ನೋಡಿ ಅಣ್ಣ."

ಮೂವತ್ತು ವರ್ಷ ಕಾದಿದ್ದ ಮಾತು. ಕೇಳಿದರೆ, ಹಾಳಾದ್ದು, ಒಂದು ಚೂರೂ ಖುಷಿಯಾಗಲಿಲ್ಲ.

"ಎಷ್ಟು ದಿನದಿಂದ ಭಾವ?" ಎಂದು ಕೇಳಿದೆ.

"ಸಕ್ಕರೆ ಕಾಯಿಲೆ ಅಲ್ವಾ. ಒಂದ್ನಾಲ್ಕು ತಿಂಗಳಿಂದ ಹೆಬ್ಬೆರಳ ಹತ್ರ ಸ್ವಲ್ಪ ಮಂದ. ಅಷ್ಟೇ. ನಿಮ್ಮಕ್ಕನಿಗೆ ಹೇಳ್ಬೇಡ, ಮನೇಲೇ ಕೂರಿಸ್ತಾಳೆ."

ಹಾಗೆಂದು ಕೈ ತೊಳೆಯಲು ನಲ್ಲಿಯ ಕಡೆ ನಡೆದರು. ಬೆಳಗ್ಗೆ ಬಿಟ್ಟ ಚಪ್ಪಲಿಯನ್ನು ಇನ್ನೂ ಹಾಕಿಕೊಂಡಿರಲಿಲ್ಲ. ಅವರು ನಡೆದ ಸಿಮೆಂಟಿನ ಮೇಲೆ ಹೆಜ್ಜೆ ಬಿಟ್ಟು ಹೆಜ್ಜೆಗೆ ಕೆಂಪು ಮಚ್ಚೆ ಬೀಳುತ್ತಿತ್ತು. ಮೊದಲು ಎಣ್ಣೆಯೆಂದುಕೊಂಡೆ. ಬಗ್ಗಿ ನೋಡಿದರೆ ರಕ್ತ.

"ಭಾವ, ಬನ್ನಿ ಇಲ್ಲಿ. ಕೂತ್ಕೊಳ್ಳಿ."

ಸ್ಟೂಲಿನ ಮೇಲೆ ಕೂರಿಸಿ, ಎಡಗಾಲನ್ನು ನನ್ನ ತೊಡೆಯ ಮೇಲೆ ಎತ್ತಿಕೊಂಡೆ. ಅಂಗಾಲಿನೊಳಗೆ, ಬೋಲ್ಟು ಜಾರದಂತೆ ಹಾಕುವ ತಂತಿಯ ಪಿನ್ನಿನದೊಂದು ತುಂಡು ಮೊಳೆಯ ಹಾಗೆ ಪೂರ್ತಿ ಇಳಿದಿತ್ತು. ಸುತ್ತ ರಕ್ತ ಕಪ್ಪಾಗಿ ಹೆಪ್ಪುಗಟ್ಟಿ, ಅದರ ಮೇಲೆ ಮತ್ತೆ ಒಸರುತ್ತಿತ್ತು. ಚುಚ್ಚಿ ಎಷ್ಟೋ ಹೊತ್ತಾಗಿರಬೇಕು. ಅಷ್ಟು ಹೊತ್ತೂ ಅದರ ಮೇಲೇ ಓಡಾಡಿದ್ದರು.

"ಏನೋ ಅದು?"

"ಸಣ್ಣ ಮೊಳೆ ಭಾವ. ತೆಗೀತೀನಿ. ಆಮೇಲೆ ಆಸ್ಪತ್ರೆಗೆ ಹೋಗೋಣ."

"ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೋ," ಎಂದು ಮುಖ ಆಚೆ ತಿರುಗಿಸಿದರು. ಮೊಳೆ ಕೀಳುವುದನ್ನು ನೋಡಲು ಅವರಿಗೆ ಧೈರ್ಯವಿರಲಿಲ್ಲ.

ಇಕ್ಕಳದಿಂದ ಹಿಡಿದು ಎಳೆದೆ. ಒಂದು ಸಲಕ್ಕೆ ಬರಲಿಲ್ಲ. ತಿರುಚಿ, ಜೋರಾಗಿ ಎಳೆದೆ. ಬೆರಳಿನ ಗಿಣ್ಣಿನಷ್ಟು ಉದ್ದದ ತುಂಡು ಹೊರಗೆ ಬಂತು, ಹಿಂದೆಯೇ ರಕ್ತ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು ಅವರ ಮುಖ ನೋಡಿದೆ. ಭಾವ ಇನ್ನೂ ಆಚೆ ನೋಡುತ್ತಾ, ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ ಕೂತಿದ್ದರು.

"ಹೂಂ, ಎಳಿ," ಎಂದರು. "ತಡ್ಕೋತೀನಿ."