ವಿಮಾನ ದೂಡಿದವರು

ಬಸ್ಸು ದೂಡಿದ್ದೀರಿ. ಜೀಪು ದೂಡಿದ್ದೀರಿ. ವಿಮಾನ ದೂಡಿದ್ದೀರಾ?

ನಾನು ದೂಡಿದ್ದೇನೆ. ಕಳೆದ ವಾರ, ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ. (ಪುತ್ತೂರಿನ ಮನೆಗೆ ಬಂದು ಹೇಳಿದರೆ ಮನೆಯವಳು ನಂಬಲಿಲ್ಲ. ಪ್ಯಾಂಟಿನ ಎಣ್ಣೆ ಕಲೆ ತೋರಿಸಿದೆ. ಆಮೇಲೆ ನಂಬಿದಳು, ಬೈದಳು.)

ಮುಂಬಯಿಯಿಂದ ಡಕೋಟಾ ವಿಮಾನದಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಸುಳ್ಯದಾಚೆಯ ಅರಂತೋಡಿನ ಗೌಡರೊಬ್ಬರು. ಕಾಯಿಲೆ ಬಿದ್ದ ತಮ್ಮನನ್ನು ನೋಡಿಕೊಂಡು ಹಿಂದಿರುಗುತ್ತಿದ್ದರು. ಮರುದಿನ ಬೆಳಿಗ್ಗೆ ಮಗಳ ನಿಶ್ಚಿತಾರ್ಥ. ಅವಳು ಉಡಬೇಕಾದ ಸೀರೆ ಇವರ ಟ್ರಂಕಿನಲ್ಲಿ, ಟ್ರಂಕು ವಿಮಾನದ ಹೊಟ್ಟೆಯಲ್ಲಿ. ಮಂಗಳೂರಿನಿಂದ ಸುಳ್ಯಕ್ಕೆ ಹೋಗುವ ಕೊನೆಯ ಬಸ್ಸು ತಪ್ಪಿದರೆ ಅಪ್ಪನೂ ಇಲ್ಲ, ಸೀರೆಯೂ ಇಲ್ಲ.

ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಗೌಡರು ಕೈಮುಗಿದರು. ನಿಲ್ಲುವ ಜಾಗದ ಕಡೆಗೆ ಮೆಲ್ಲಗೆ ಉರುಳುತ್ತಿದ್ದಾಗ ಖಾಕಿ ತೊಟ್ಟ ಒಬ್ಬ ಎರಡು ಬಾವುಟಗಳನ್ನು ತಲೆಯ ಮೇಲೆ ಅಡ್ಡ ಹಿಡಿದ. ನಿಂತೆವು.

ನೆಲದ ಮೇಲಿರುವಾಗ ಡಕೋಟಾದ ಮೂಗು ಆಕಾಶಕ್ಕೆ. ಎದುರಿಗೆ ಏನಿದೆಯೆಂದು ಪೈಲಟ್‌ಗೆ ಕಾಣುವುದಿಲ್ಲವಂತೆ, ಬಾವುಟದವನೇ ಅವನಿಗೆ ಕಣ್ಣು. (ಮೂಗು ಮೇಲೆತ್ತಿ ನಡೆಯುವವರಿಗೆಲ್ಲ ಸರಕಾರ ಇಂಥ ಒಬ್ಬೊಬ್ಬನನ್ನು ಕೊಡಬಾರದೇ?)

ಅಡ್ಡ ಇದ್ದದ್ದು ಏನು? ಒಂದು ಪುಟಾಣಿ ವಿಮಾನ. ಬದಿಯಲ್ಲಿ ನಿಲ್ಲಿಸಲು ಬೇಕಾದಷ್ಟು ಜಾಗವಿದ್ದರೂ ದಾರಿಯ ನಟ್ಟನಡುವೆ ನಿಂತಿತ್ತು. ಕಡಬದ ಹತ್ತಿರ ಸೇತುವೆಗೆ ಅಡಿಗಲ್ಲು ಹಾಕಲು ಬಂದ ಮಂತ್ರಿಗಳದ್ದು. ಅದರ ಪೈಲಟ್ಟೂ ಮಂತ್ರಿಗಳ ಜೊತೆ ಊಟಕ್ಕೆ ಹೋಗಿದ್ದ. ನಮಗೆ ದಾರಿ ಮಾಡಿಕೊಡಲು ಬಂದವರು, ನೋಡಿ!

ನಮ್ಮ ಕ್ಯಾಪ್ಟನ್ ಕಾದು ಕಾದು ಎಂಜಿನ್ ನಿಲ್ಲಿಸಿದರು. ನಾವು ಇಳಿದೆವು. ಸಾಮಾನು? ವಿಮಾನ ತನ್ನ ಜಾಗಕ್ಕೆ ಬಂದ ಮೇಲೆಯೇ ಕೊಡುವುದಂತೆ, ರೂಲು.

ಗೌಡರು ಎತ್ತು ನೋಡುವ ಹಾಗೆ ಪುಟಾಣಿ ವಿಮಾನಕ್ಕೆ ಒಂದು ಸುತ್ತು ಬಂದರು.

"ಎಂತ ಮಾರಾಯ್ರೆ, ನಮ್ಮ ಸುಳ್ಯದ ಬಸ್ಸಿನ ಅರ್ಧ ಭಾರ ಇಲ್ಲ ಇದು. ದೂಡುವ."

ಅದರ ಕಾವಲಿಗಿದ್ದ ಕಾನ್‌ಸ್ಟೇಬಲ್ ಓಡಿ ಬಂದ. "ಮುಟ್ಟಬೇಡಿ! ಮಂತ್ರಿಗಳದ್ದು!"

"ಮಂತ್ರಿಗಳು ಯಾರದ್ದು?" ಎಂದರು ಗೌಡರು.

ಕಾನ್‌ಸ್ಟೇಬಲ್‌ಗೆ ಇದನ್ನು ಟ್ರೈನಿಂಗಿನಲ್ಲಿ ಕಲಿಸಿರಲಿಲ್ಲ. ಕ್ಯಾಪ್ಟನ್ ಗಡಿಯಾರ ನೋಡಿಕೊಂಡು ಬಾವುಟದವನಿಗೆ ತಲೆಯಾಡಿಸಿದರು. ಅವನು ಚಕ್ರದಡಿಯ ಮರದ ತುಂಡು ತೆಗೆದು, ಎಲ್ಲಿ ಕೈ ಹಾಕಬೇಕೆಂದು ತೋರಿಸಿದ.

ನಮ್ಮ ಕಡೆಯವರ ವಿಷಯ ನಿಮಗೆ ಗೊತ್ತೇ ಇದೆ. ಕಬಕದಲ್ಲಿ ಒಂದು ಬಸ್ಸು ರಿವರ್ಸ್ ತೆಗೆದರೆ ಚಹಾ ಕುಡಿಯುವವನೂ ಗ್ಲಾಸು ಹಿಡಿದೇ ಡ್ರೈವರನಿಗೆ ದಾರಿ ಹೇಳುತ್ತಾನೆ. ಇಲ್ಲಿಯೂ ಅದೇ, ಒಬ್ಬ ನಿಲ್ಲಿಸೆಂದರೆ ಇನ್ನೊಬ್ಬ ಹೋಗಲೆಂದ. "ಬರ್ಲಿ, ಬರ್ಲಿ!" "ಎಡಕ್ಕೆ ಮಾರಾಯ್ರೆ!" "ಹೋಲ್ಡಾನ್!" "ರೈಟ್, ಪೋಯಿ!" ವಿಮಾನ ಅರ್ಧ ಸುತ್ತು ತಿರುಗಿ ಮೊದಲಿಗಿಂತ ಚೆನ್ನಾಗಿ ಅಡ್ಡ ನಿಂತಿತು. ಅದರ ಬಾಲ ಡಕೋಟಾದ ರೆಕ್ಕೆಗೆ ತಾಗುವುದೊಂದು ಬಾಕಿ.

ಬಾವುಟದವನು ಸಿಟ್ಟಿನಿಂದ ಕೂಗಿದ. "ಮಾತಾಡುವವರು ದೂಡಬೇಡಿ! ದೂಡುವವರು ಮಾತಾಡಬೇಡಿ!"

ಅರ್ಧಕ್ಕರ್ಧ ಜನ ಕೂಡಲೇ ಕೈಬಿಟ್ಟು ಬದಿಗೆ ಸರಿದರು. ದೂಡುವುದನ್ನು ಬಿಟ್ಟಾರು, ಮಾತು ಬಿಟ್ಟಾರೇ? (ನಾನು ಬಾಯಿ ಮುಚ್ಚಿಕೊಂಡು ದೂಡಿದೆ. ಅಂಕಣಕಾರನಿಗೆ ಇದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ.) ಗೌಡರು ಪಂಚೆ ಎತ್ತಿ ಕಟ್ಟಿ, ಹಲ್ಲು ಕಚ್ಚಿ, ಬಾವುಟ ಬಿಟ್ಟು ಬೇರೆಲ್ಲಿಯೂ ನೋಡದೆ ದೂಡಿದರು. ಅವರನ್ನು ಕಂಡು ಉಳಿದವರೂ ಬಾವುಟವನ್ನೇ ನೋಡುತ್ತ ದೂಡಿದೆವು. ಪುಟಾಣಿ ಬದಿಗೆ ಸರಿಯಿತು. ಡಕೋಟಾ ತನ್ನ ಜಾಗಕ್ಕೆ ಬಂತು, ಟ್ರಂಕೂ ಬಂತು.

ಗೌಡರು ಅದನ್ನು ಬಸ್‌ಸ್ಟ್ಯಾಂಡಿಗೆ ಹೊರಟ ಬಾಡಿಗೆ ಕಾರಿಗೆ ಹಾಕುತ್ತಿದ್ದಾಗ ಮಂತ್ರಿಗಳು ಊಟ ಮುಗಿಸಿ ಬಂದರು.

"ನಮ್ಮ ವಿಮಾನವನ್ನು ಬದಿಗೆ ತಳ್ಳಿದ್ದು ಯಾರು?"

ಕಾನ್‌ಸ್ಟೇಬಲ್ ನಮ್ಮನ್ನು ತೋರಿಸಿದ. ಗೌಡರು ಕಾರು ಹತ್ತುತ್ತಲೇ ಹೇಳಿದರು:

"ನಾವೇ ಸ್ವಾಮಿ, ನಿಮಗೆ ಓಟು ಹಾಕಿದವರು. ಮೇಲೆ ದೂಡುದೇ ಕಷ್ಟ, ಬದಿಗೆ ದೂಡ್ಲಿಕ್ಕೆ ಎಂತ ಉಂಟು?"